ಗುಣ ಹೇಳದೆ ಕೊಟ್ಟ ನೆಲ್ಲಿಕಾಯಿ

ಧರ್ಮಪುರಿಯಿಂದ ಸೇಲಂ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ಅದಿಯಮಾನ್‌ಕೋಟ್ಟೈ. ಅಲ್ಲಿ ರಸ್ತೆಬದಿಯಲ್ಲಿ ಗೋಣಿತಾಟು ಹಾಸಿಕೊಂಡು ನೆಲ್ಲಿಕಾಯಿ ಮಾರುತ್ತಿದ್ದ ಅಜ್ಜಿ ನನ್ನ ಮಾತಿನ ಧಾಟಿ ಕೇಳಿದ್ದೇ ಕನ್ನಡಕ್ಕೆ ತಿರುಗಿದರು. ಕನ್ನಡ ಮನೆಮಾತಾಗಿರುವ ಕುಟುಂಬಗಳು ಈ ಸೀಮೆಯಲ್ಲಿ ಹೊಸದಲ್ಲ. “ಕಿಲೋ ಎಷ್ಟಮ್ಮಾ?” ಅಂದೆ. ಬೆಲೆ ಹೇಳಲಿಲ್ಲ. ರಾಶಿಯಿಂದ ಒಂದನ್ನು ಆರಿಸಿ, ಸೆರಗಿನಲ್ಲಿ ಒರೆಸಿ, ಅಂಗೈಗೆ ಇಟ್ಟರು. “ಮೊದ್ಲು ತಿನ್ನಪ್ಪಾ, ಮೇಲೆ ನೀರು ಕುಡಿ.”

ಆ ಊರಲ್ಲಿ ನೆಲ್ಲಿಕಾಯಿ ಕೈಗೆ ಬಂದರೆ ರೋಮಾಂಚನ ಆಗಲೇಬೇಕು. ಸುಮಾರು 2000 ವರ್ಷಗಳ ಹಿಂದೆ ತಗಡೂರನ್ನು, ಎಂದರೆ ಇಂದಿನ ಧರ್ಮಪುರಿಯನ್ನು, ಆಳಿದ ಅದಿಯಮಾನ್ ನೆಡುಮಾನ್ ಅಂಜಿ ಆಯುಸ್ಸು ಹೆಚ್ಚಿಸುವ ನೆಲ್ಲಿಯನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟ ಕಥೆ ಎಲ್ಲರಿಗೂ ಗೊತ್ತು. ಅವನು ಬರೀ ಕಥೆಯ ದೊರೆಯಲ್ಲ. 1981ರಲ್ಲಿ ಜಂಬೈ ಗುಡ್ಡದಲ್ಲಿ ಸಿಕ್ಕ ತಮಿಳು ಬ್ರಾಹ್ಮಿ ಶಾಸನದಲ್ಲಿ ಅವನ ಹೆಸರಿದೆ, ಅಶೋಕನ ಶಾಸನಗಳಲ್ಲಿ ಬರುವ ಸತಿಯಪುತ್ರ ಎಂಬ ಬಿರುದೂ ಜೊತೆಗಿದೆ. ಅಲ್ಲಿ ದಾಖಲಾಗಿರುವುದೂ ಒಂದು ದಾನವೇ: ಗುಹೆಯ ವಸತಿ. ಮುಂದೆ ನೊಳಂಬರ ಕಾಲಕ್ಕೆ ಧರ್ಮಪುರಿಯಲ್ಲಿ ಕನ್ನಡ ಶಾಸನಗಳೂ ಎದ್ದವು.

ನನ್ನನ್ನು ಬಿಡದೆ ಕಾಡಿದ್ದು ಬೇರೆ. ಹಳೆಯ ತಮಿಳು ಪದ್ಯಸಂಕಲನ ಪುರನಾನೂರಿನ 91ನೇ ಪದ್ಯದಲ್ಲಿ ಔವೈಯಾರ್ ಆ ನೆಲ್ಲಿಯನ್ನು ಸಿಹಿ ಹಣ್ಣು ಅನ್ನುತ್ತಾಳೆ. ನೆಲ್ಲಿ ಎಲ್ಲಿಯ ಸಿಹಿ? ಕಚ್ಚಿದೊಡನೆ ಹುಳಿ, ಹಿಂದೆಯೇ ಒಗರು, ನಾಲಿಗೆಯೆಲ್ಲ ಬಿಗಿ. ಅಜ್ಜಿ ಹೇಳಿದಂತೆ ನೀರು ಕುಡಿದೆ; ಗಂಟಲಿನ ತನಕ ಸಿಹಿ ಇಳಿಯಿತು. ವಿದ್ವಾಂಸರು ಏನೇ ಅನ್ನಲಿ, ಕವಯಿತ್ರಿ ಹಾಡಿದ್ದು ತಡವಾಗಿ ಬರುವ ಈ ಸಿಹಿಯನ್ನೇ ಎಂದು ನನಗನ್ನಿಸುತ್ತದೆ. ಅದೇ ಪದ್ಯದಲ್ಲಿ ಇನ್ನೊಂದು ಮಾತಿದೆ: ಹಣ್ಣು ಸಿಗುವುದು ಎಷ್ಟು ಕಷ್ಟವೆಂದು ದೊರೆ ಲೆಕ್ಕಿಸಲಿಲ್ಲ, ಅದರ ಗುಣವನ್ನೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವಳು ತಿನ್ನುತ್ತಿದ್ದಳೇ? ನೀನೇ ಇಟ್ಟುಕೋ ದೊರೆಯೇ ಎಂದು ಹಿಂದಿರುಗಿಸುತ್ತಿದ್ದಳು.

ನೆಲ್ಲಿಯ ದಾನ ನಮಗೂ ಹೊಸತಲ್ಲ. ಭಿಕ್ಷೆಗೆ ಬಂದ ಬಾಲಶಂಕರರಿಗೆ ಬಡ ಗೃಹಿಣಿ ಮನೆಯಲ್ಲಿದ್ದ ಒಂದೇ ನೆಲ್ಲಿಕಾಯಿ ನೀಡಿದಳು. ಅಲ್ಲಿ ಕೊಡುಗೆಯ ಹಿಂದೆಯೇ ಹೊನ್ನಿನ ಮಳೆ ಬರುತ್ತದೆ. ತಗಡೂರಿನ ಕಥೆಯಲ್ಲಿ ಹಾಗೇನೂ ಇಲ್ಲ; ಕೊಟ್ಟವನ ಆಯುಸ್ಸೇ ಕಡಿಮೆಯಾಯಿತು. ಅದಕ್ಕೇ ನನಗೆ ಅದು ಒಂದು ತೂಕ ಹೆಚ್ಚು.

ಸೇಲಂ ಪೇಟೆಯಲ್ಲಿ ಮಾವಿನ ಕಾಲಕ್ಕೆ ಮಲ್ಗೋವಾದ ಹೋಳನ್ನು ರುಚಿಗೆ ಕೊಡುವಾಗ ತೋಟ, ತಳಿ, ಬೆಲೆ ಎಲ್ಲ ಬಾಯಲ್ಲೇ ಇರುತ್ತದೆ. ಅದು ವ್ಯಾಪಾರ, ತಪ್ಪಲ್ಲ. ಮನೆಗೆ ಬಂದವರ ಮುಂದೆ ನಾವೂ ಹಾಗೇ ಮಾಡುತ್ತಿದ್ದೇವೆ: ತುಪ್ಪ ಎಲ್ಲಿಯದು, ಎಷ್ಟು ಕೊಟ್ಟೆವು, ಆರೋಗ್ಯಕ್ಕೆ ಎಷ್ಟು ಒಳ್ಳೆಯದು. ತಿನ್ನುವವರು ಚೆನ್ನಾಗಿದೆ ಅನ್ನದೆ ಏನು ಮಾಡಿಯಾರು? ತಟ್ಟೆ ಇಟ್ಟು ಸುಮ್ಮನಿರೋಣ. ರುಚಿ ಹೇಗಿದೆಯೆಂದು ಅವರೇ ಹೇಳಲಿ.