ಲಾಬಿ, ಬೋನಸ್, ಅಂಪೈರ್: ಕಬಡ್ಡಿ ಜಗಳಗಳಲ್ಲಿ ಯಾವುದು ನಿಜ?

ಬೆಂಗಳೂರಿನ ರಾಜಗೋಪಾಲನಗರ, ಹೆಗ್ಗನಹಳ್ಳಿ, ಲಗ್ಗೆರೆ ಸುತ್ತಮುತ್ತ ಕಬಡ್ಡಿ ಅಂದರೆ ಜೀವ ಬಿಡುವವರಿಗೆ ಬರವಿಲ್ಲ. ಪೀಣ್ಯದ ಲೇತ್ ಶಾಪು, ಪ್ರೆಸ್ ಶಾಪು, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಬಹಳ ಮಂದಿ ಮಂಡ್ಯ, ಹಾಸನ, ತುಮಕೂರು ಕಡೆಯಿಂದಲೋ ಉತ್ತರ ಕರ್ನಾಟಕದಿಂದಲೋ ಬಂದವರು. ಆಟ ಅವರ ಜೊತೆಯಲ್ಲೇ ಊರಿನಿಂದ ಬಂದಿದೆ. ಗಣೇಶನ ಹಬ್ಬ ಮುಗಿದು ರಾಜ್ಯೋತ್ಸವದ ತಿಂಗಳು ಬಂತೆಂದರೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ಯ ಫ್ಲೆಕ್ಸ್‌ಗಳು ಏಳುತ್ತವೆ. ಟಿವಿಯಲ್ಲಿ ಪ್ರೊ ಕಬಡ್ಡಿ ನಡೆಯುವ ದಿನಗಳಲ್ಲಿ ಟೀ ಅಂಗಡಿಯ ಮುಂದೆ ಸೆಕೆಂಡ್ ಶಿಫ್ಟ್‌ನವರೂ ನಿಂತುಬಿಡುತ್ತಾರೆ. ಮಾತು ಬೆಳೆಯುತ್ತದೆ, ದನಿ ಏರುತ್ತದೆ, ಕೊನೆಗೆ ತಪ್ಪೆಲ್ಲ ಅಂಪೈರ್ ತಲೆಗೆ ಬರುತ್ತದೆ.

ಈ ಜಗಳಗಳನ್ನು ಹತ್ತಿರದಿಂದ ಕೇಳಿದರೆ ಒಂದು ವಿಷಯ ಗೊತ್ತಾಗುತ್ತದೆ. ಅಂಪೈರ್ ಕಣ್ಣಿಗೆ ಬಿತ್ತೋ ಇಲ್ಲವೋ ಎಂಬ ತಕರಾರು ಇಲ್ಲಿ ಕಡಿಮೆ. ಒಬ್ಬ ಊರಿನ ನಿಯಮ ಹೇಳುತ್ತಿರುತ್ತಾನೆ, ಇನ್ನೊಬ್ಬ ಫೆಡರೇಷನ್ ನಿಯಮ, ಮತ್ತೊಬ್ಬ ಟಿವಿಯಲ್ಲಿ ನೋಡಿದ್ದು. ಮೂವರೂ ತಮ್ಮದೇ ಸರಿ ಎಂದು ನಂಬಿರುತ್ತಾರೆ.

ತಪ್ಪು ಕಲ್ಪನೆ: ಲಾಬಿಗೆ ಕಾಲಿಟ್ಟವನು ಔಟ್, ಅದರಲ್ಲಿ ಚರ್ಚೆಗೇನಿದೆ?

ಅತಿ ಹೆಚ್ಚು ಕೂಗಾಟ ಎಬ್ಬಿಸುವ ಪ್ರಶ್ನೆ ಇದೇ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಆ ಅಗಲದಲ್ಲಿ ಎರಡೂ ಬದಿಗೆ ಒಂದೊಂದು ಮೀಟರ್ ಲಾಬಿ. ರೈಡರ್‌ಗೂ ಎದುರಾಳಿಗೂ ಟಚ್ ಆಗುವವರೆಗೆ ಆಡಲು ಇರುವ ಅಗಲ 8 ಮೀಟರ್ ಮಾತ್ರ. ಟಚ್ ಆದ ಕ್ಷಣದಿಂದ ಲಾಬಿಯೂ ಅಂಕಣಕ್ಕೆ ಸೇರುತ್ತದೆ. ಹಾಗಾಗಿ ‘ಲಾಬಿಗೆ ಹೋದನೇ’ ಎಂದು ಕೇಳುವ ಮೊದಲು ‘ಅದಕ್ಕೂ ಮುಂಚೆ ಟಚ್ ಆಗಿತ್ತೇ’ ಎಂದು ಕೇಳಬೇಕು. ಬೆರಳ ತುದಿ ಜರ್ಸಿಗೆ ತಗುಲಿದ್ದು ಮತ್ತು ಹಿಮ್ಮಡಿ ಗೆರೆ ದಾಟಿದ್ದು, ಇವೆರಡರಲ್ಲಿ ಯಾವುದು ಮೊದಲು ಎಂಬುದನ್ನು ಅಂಪೈರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ಮ್ಯಾಟ್ ಮೇಲಾದರೆ ಲಾಬಿಗೆ ಬೇರೆ ಬಣ್ಣ ಇರುತ್ತದೆ. ಮಣ್ಣಿನ ಅಂಕಣದಲ್ಲಿ ಸುಣ್ಣದ ಪುಡಿಯಲ್ಲಿ ಎಳೆದ ಗೆರೆ ಮೂರ್ನಾಲ್ಕು ಪಂದ್ಯ ಕಳೆಯುವಷ್ಟರಲ್ಲಿ ಕಾಲಡಿ ಅಳಿಸಿಹೋಗಿರುತ್ತದೆ. ಕಾಣದ ಗೆರೆಗೆ ಅಂಪೈರನ್ನು ಬಯ್ಯುವುದು ಅನ್ಯಾಯ.

ಇದಕ್ಕೂ ದೊಡ್ಡ ತೊಡಕು ಇನ್ನೊಂದಿದೆ. ಟಚ್ ಆಗದೆಯೇ ರೈಡರ್ ಲಾಬಿಗೆ ಹೋದ, ಅವನನ್ನು ಅಟ್ಟಿಸಿಕೊಂಡು ಹಿಡಿಯುವವರೂ ಹೋದರು. ಯಾರು ಯಾರು ಔಟ್? ಹಳೆಯ ನಿಯಮದಲ್ಲಿ ರೈಡರ್ ಜೊತೆ ಹಿಂದೆ ಹೋದವರೂ ಔಟ್. ಪ್ರೊ ಕಬಡ್ಡಿಯಲ್ಲಿ ಬಂದ ಹೊಸ ನಿಯಮದಲ್ಲಿ ರೈಡರ್ ಒಬ್ಬನೇ ಔಟ್, ರೈಡ್ ಅಲ್ಲಿಗೇ ಮುಗಿಯಿತು.

2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಫೈನಲ್‌ನಲ್ಲಿ ಆಗಿದ್ದು ಇದೇ. ಭಾರತ ಮತ್ತು ಇರಾನ್ 28–28ರಲ್ಲಿ ಸಮ. ಉಳಿದಿದ್ದು ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಭಾರತದ ಪವನ್ ಸೆಹ್ರಾವತ್ ಅಂಕ ತರಲೇಬೇಕಾದ ಡು ಆರ್ ಡೈ ರೈಡ್‌ಗೆ ಹೋಗಿ ಯಾರನ್ನೂ ಮುಟ್ಟದೆ ಲಾಬಿಗೆ ಇಳಿದರು, ಇರಾನಿನವರು ಬೆನ್ನು ಹತ್ತಿ ಹೋದರು. ಅಧಿಕಾರಿಗಳು ಒಮ್ಮೆ ಹೀಗೆ ಅಂಕ ಕೊಟ್ಟರು, ಒಮ್ಮೆ ಹಾಗೆ ಬದಲಿಸಿದರು. ಎರಡೂ ತಂಡಗಳು ಪ್ರತಿಭಟಿಸಿದವು, ಆಟ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಹಳೆಯ ನಿಯಮವೇ ಅನ್ವಯ ಎಂಬ ಭಾರತದ ವಾದ ಗೆದ್ದು, ಪಂದ್ಯ 33–29ಕ್ಕೆ ಮುಗಿದು ಚಿನ್ನ ಬಂತು. ಆಟಗಾರರು ಎಲ್ಲಿ ಕಾಲಿಟ್ಟರೆಂಬುದು ಎಲ್ಲರಿಗೂ ಕಂಡಿತ್ತು. ಯಾವ ನಿಯಮ ಅನ್ವಯಿಸಬೇಕು ಎಂಬುದೇ ತಕರಾರು. ಏಷ್ಯನ್ ಗೇಮ್ಸ್ ಫೈನಲ್‌ನಲ್ಲೇ ಹೀಗಾದ ಮೇಲೆ, ಪೀಣ್ಯದ ಮೈದಾನದಲ್ಲಿ ಶಿಳ್ಳೆ ಊದುವ ಅಂಪೈರ್ ಮೇಲೆ ನಾವು ಏಕಾಏಕಿ ಏರಿ ಹೋಗುವುದು ಸರಿಯೇ?

ತಪ್ಪು ಕಲ್ಪನೆ: ವಿಡಿಯೊ ರಿವ್ಯೂ ಇದ್ದಿದ್ದರೆ ಜಗಳವೇ ಇರುತ್ತಿರಲಿಲ್ಲ.

ಕಾಲು ಎಲ್ಲಿತ್ತು, ಕೈ ಎಲ್ಲಿತ್ತು ಎಂಬುದನ್ನು ಕ್ಯಾಮೆರಾ ತೋರಿಸುತ್ತದೆ. ನಿಯಮ ಯಾವುದೆಂದು ಅದು ಹೇಳುವುದಿಲ್ಲ. ಹಾಂಗ್‌ಝೌನಲ್ಲಿ ಕ್ಯಾಮೆರಾಗಳಿಗೆ ಕೊರತೆಯಿರಲಿಲ್ಲ. ನಮ್ಮ ಪಂದ್ಯಾವಳಿಗಳಲ್ಲಿ ಪ್ರೇಕ್ಷಕರ ಮೊಬೈಲ್‌ನಲ್ಲಿ ಸಿಕ್ಕ ವಿಡಿಯೊ ಹಿಡಿದು ಅಂಕಣಕ್ಕೆ ನುಗ್ಗುವುದಂತೂ ನಿಲ್ಲಲೇಬೇಕು. ಒಂದು ಮೂಲೆಯಿಂದ ತೆಗೆದ ಚಿತ್ರದಲ್ಲಿ ಪಾದ ಗೆರೆಯ ಮೇಲಿದೆಯೋ ಆಚೆಗಿದೆಯೋ ಹೇಳಲಾಗದು.

ತಪ್ಪು ಕಲ್ಪನೆ: ಒಬ್ಬ ಅಂಪೈರ್ ಮನಸ್ಸು ಮಾಡಿದರೆ ಪಂದ್ಯ ತಿರುಗಿಸಬಹುದು.

ನಿಯಮದ ಪ್ರಕಾರ ಒಬ್ಬ ರೆಫರಿ, ಎರಡು ಬದಿಗೆ ಇಬ್ಬರು ಅಂಪೈರ್‌ಗಳು, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್‌ಗಳು ಇರಬೇಕು. ಸಾಮಾನ್ಯವಾಗಿ ಅಂಪೈರ್‌ಗಳ ಮಾತೇ ಕೊನೆ. ಅವರಿಬ್ಬರಲ್ಲಿ ಒಮ್ಮತ ಬರದಿದ್ದಾಗ ರೆಫರಿ ತೀರ್ಪು ಕೊಡುತ್ತಾರೆ. ಸಹಾಯಕ ಸ್ಕೋರರ್ ಸುಮ್ಮನೆ ಕುರ್ಚಿ ಹಾಕಿ ಕುಳಿತವರೆಂದು ಭಾವಿಸುವವರಿದ್ದಾರೆ. ಔಟಾದವರ ಸರದಿ ಬರೆದಿಡುವುದು ಅವರ ಕೆಲಸ, ಯಾಕೆಂದರೆ ಮೊದಲು ಔಟಾದವನೇ ಮೊದಲು ಒಳಗೆ ಬರಬೇಕು. ಈ ಹಾಳೆ ತಪ್ಪಿದರೆ ಮುಖ್ಯ ರೈಡರ್ ಸರದಿಗೆ ಮುಂಚೆಯೇ ಒಳಬಂದು ಪಂದ್ಯದ ಗತಿಯೇ ಬದಲಾಗುತ್ತದೆ. ಖರ್ಚು ಉಳಿಸಲು ಇಬ್ಬರೇ ಅಧಿಕಾರಿಗಳನ್ನು ಕರೆಸುವ ಸಂಘಟಕರು ಮೊದಲ ಬಹುಮಾನದ ಟ್ರೋಫಿ ಒಂದಡಿ ಗಿಡ್ಡವಾದರೂ ಪರವಾಗಿಲ್ಲ ಎಂದುಕೊಂಡು ಆರೂ ಜನರನ್ನು ಕರೆಸಲಿ.

ತಪ್ಪು ಕಲ್ಪನೆ: ಬೋನಸ್ ಗೆರೆ ದಾಟಿದರೆ ಅಂಕ ಬಂದ ಹಾಗೆ, ಒಬ್ಬ ಆಟಗಾರನೂ ಒಳಗೆ ಬರುತ್ತಾನೆ.

ಎರಡೂ ತಪ್ಪು. ಎದುರು ಅಂಕಣದಲ್ಲಿ ಕನಿಷ್ಠ ಆರು ಮಂದಿ ಇದ್ದರೆ ಮಾತ್ರ ಬೋನಸ್ ಇರುತ್ತದೆ. ಒಂದು ಕಾಲು ಬೋನಸ್ ಗೆರೆಯ ಆಚೆ ಊರಬೇಕು, ಆ ಹೊತ್ತಿಗೆ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಹಿಂಗಾಲು ಎಳೆದುಕೊಂಡೇ ಹೋದವನಿಗೆ ಅಂಕವಿಲ್ಲ. ಬೋನಸ್ ಸಿಕ್ಕರೆ ಸ್ಕೋರ್ ಒಂದು ಏರುತ್ತದೆ, ಹೊರಗೆ ಕುಳಿತವನು ಮಾತ್ರ ಹೊರಗೇ ಇರುತ್ತಾನೆ. ಮುನ್ನಡೆಯಲ್ಲಿದ್ದ ತಂಡ ಬೋನಸ್ ಮೇಲೆ ಬೋನಸ್ ಪಡೆಯುತ್ತಲೇ ಎಲ್ಲರೂ ಔಟಾಗಿ ಲೋನಾ ಕೊಟ್ಟುಬಿಡುವುದು ಈ ಕಾರಣಕ್ಕೇ.

ಸೂಪರ್ ರೈಡ್ ವಿಚಾರದಲ್ಲೂ ಇದೇ ಗೊಂದಲ. ಒಂದೇ ರೈಡ್‌ನಲ್ಲಿ ಮೂರು ಅಥವಾ ಹೆಚ್ಚು ಅಂಕ ತಂದರೆ ಅದಕ್ಕೆ ಆ ಹೆಸರು, ಬೇರೆ ಅಂಕವೇನೂ ಇಲ್ಲ. ಸೂಪರ್ ಟ್ಯಾಕಲ್‌ಗೆ ಮಾತ್ರ ನಿಜಕ್ಕೂ ಒಂದು ಹೆಚ್ಚುವರಿ ಅಂಕವಿದೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಇದ್ದು ಹಿಡಿದರೆ ಎರಡು ಅಂಕ, ಒಳಗೆ ಬರುವವನು ಒಬ್ಬನೇ.

ತಪ್ಪು ಕಲ್ಪನೆ: ನಾಕೌಟ್ ಅಂದರೆ ಅದೃಷ್ಟದಾಟ, ಲೀಗ್ ಮಾಡಿದರೆ ಮಾತ್ರ ನ್ಯಾಯ.

ಲೆಕ್ಕ ಹಾಕಿ ನೋಡಿ. 24 ತಂಡ ಬಂದವು ಎಂದಿಟ್ಟುಕೊಳ್ಳಿ. ನಾಕೌಟ್ ಆದರೆ 23 ಪಂದ್ಯ. ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಆಡಿದರೆ 276. ಶನಿವಾರ ಸಂಜೆ ಶುರುವಾಗಿ ಭಾನುವಾರ ಬೆಳಕು ಹರಿಯುವುದರೊಳಗೆ ಮುಗಿಯಬೇಕಾದ ಪಂದ್ಯಾವಳಿಗೆ ನಾಕೌಟ್ ಬಿಟ್ಟು ದಾರಿಯಿಲ್ಲ. ಅದರಲ್ಲೂ 20 ನಿಮಿಷಗಳ ಎರಡು ಅವಧಿ ಇಟ್ಟರೆ 23 ಪಂದ್ಯಕ್ಕೆ ಬರೀ ಆಟದ ಹೊತ್ತೇ ಹದಿನೈದು ಗಂಟೆ ದಾಟುತ್ತದೆ. ಅದಕ್ಕೇ ಹತ್ತತ್ತು ನಿಮಿಷಕ್ಕೆ ಇಳಿಸುತ್ತಾರೆ. ಸೋತವರು ಸಿಡಿಮಿಡಿಗೊಳ್ಳುವುದೂ ಇದಕ್ಕೇ. ಹತ್ತು ನಿಮಿಷದಲ್ಲಿ ಒಂದು ಲೋನಾ ಆದರೆ ಚೇತರಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಮಧ್ಯದ ದಾರಿಯೊಂದಿದೆ. ಮೂರು ಮೂರು ತಂಡಗಳ ಎಂಟು ಗುಂಪು ಮಾಡಿ, ಗುಂಪಿನಲ್ಲಿ ಗೆದ್ದವರನ್ನು ನಾಕೌಟ್‌ಗೆ ಕಳಿಸಿದರೆ ಒಟ್ಟು 31 ಪಂದ್ಯ. ಎರಡು ಅಂಕಣ ಹಾಕಿದರೆ ರಾತ್ರಿಯೊಳಗೆ ಮುಗಿಯುತ್ತದೆ. ರಾಯಚೂರಿನಿಂದ ಟಿಟಿ ಮಾಡಿಕೊಂಡು ಬಂದ ತಂಡ ಒಂದೇ ಪಂದ್ಯ ಆಡಿ ವಾಪಸ್ ಹೋಗುವುದು ತಪ್ಪುತ್ತದೆ. ನನ್ನ ಮಟ್ಟಿಗೆ ಇದೇ ಒಳ್ಳೆಯ ವ್ಯವಸ್ಥೆ.

ನ್ಯಾಯದ ಮಾತು ಬಂದ ಮೇಲೆ ತೂಕದ ಮಾತೂ ಇಲ್ಲೇ ಬರಬೇಕು. 55 ಕೆಜಿ, 60 ಕೆಜಿ ವಿಭಾಗವೆಂದು ಕರಪತ್ರದಲ್ಲಿ ಹಾಕುತ್ತಾರೆ. ಸಂಜೆ ತೂಕದ ಯಂತ್ರದ ಮುಂದೆ ಸಾಲು ನಿಲ್ಲುತ್ತದೆ. ಬನಿಯನ್ ಕಳಚಿ ಮತ್ತೊಮ್ಮೆ ಹತ್ತುತ್ತಾರೆ, ಅರ್ಧ ಕೆಜಿ ಇಳಿಸಲು ಮೈದಾನ ಸುತ್ತುತ್ತಾರೆ, ಬೆಳಗಿನಿಂದ ನೀರು ಕುಡಿಯದ ಹುಡುಗರೂ ಇರುತ್ತಾರೆ. ಇದು ಒಳ್ಳೆಯದಲ್ಲ. ಅರ್ಧ ಕೆಜಿ ವಿನಾಯಿತಿ ಇದೆಯೋ ಇಲ್ಲವೋ ಎಂಬುದನ್ನು ಮೊದಲೇ ಬರೆದು ಹಾಕಿದರೆ ಹಸಿದ ಹೊಟ್ಟೆಯಲ್ಲಿ ಆಡುವುದೂ ತಪ್ಪುತ್ತದೆ, ಜಗಳವೂ ತಪ್ಪುತ್ತದೆ.

ತಪ್ಪು ಕಲ್ಪನೆ: ಪ್ರೊ ಕಬಡ್ಡಿಯ ಪದ್ಧತಿ ಮೊದಲಿನಿಂದ ಒಂದೇ, ಅದೇ ಆದರ್ಶ.

2014ರಲ್ಲಿ ಎಂಟು ತಂಡಗಳಿಂದ ಶುರುವಾದ ಲೀಗ್ 2017ರಲ್ಲಿ ಹನ್ನೆರಡಕ್ಕೆ ಏರಿತು. ಒಂದೆರಡು ಸೀಸನ್ ಎರಡು ವಲಯ ಮಾಡಿದರು, ಆಮೇಲೆ ಎತ್ತಿಹಾಕಿದರು. ಬಹಳ ಕಾಲ ಗೆದ್ದರೆ 5, ಸಮವಾದರೆ 3, ಏಳು ಅಥವಾ ಕಡಿಮೆ ಅಂಕದಿಂದ ಸೋತರೆ 1 ಎಂಬ ಲೆಕ್ಕ ಇತ್ತು. ಸೋಲುತ್ತಿರುವ ತಂಡವೂ ಕೊನೆಯ ರೈಡ್‌ವರೆಗೆ ಬಡಿದಾಡುತ್ತಿದ್ದದ್ದು ಆ ಒಂದು ಅಂಕಕ್ಕಾಗಿ. 2025ರಲ್ಲಿ ಅದನ್ನು ತೆಗೆದು, ಗೆದ್ದರೆ 2, ಸೋತರೆ ಸೊನ್ನೆ ಎಂದು ಮಾಡಿದರು. ಸಮವಾದ ಲೀಗ್ ಪಂದ್ಯಗಳಿಗೂ ಐದೈದು ರೈಡ್‌ಗಳ ಟೈ ಬ್ರೇಕರ್, ಆಗಲೂ ಸಮವಾದರೆ ಗೋಲ್ಡನ್ ರೈಡ್. ನೋಡುವವರಿಗೆ ರೋಮಾಂಚನ ಹೌದು. ಆದರೆ ಕಷ್ಟಪಟ್ಟು ಸಮ ಮಾಡಿಕೊಂಡ ತಂಡ ಟೈ ಬ್ರೇಕರ್‌ನಲ್ಲಿ ಸೋತು ಬರಿಗೈಯಲ್ಲಿ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಬದಲಾವಣೆಯನ್ನು ಬಹಳ ಮಂದಿ ಗಮನಿಸಿಲ್ಲ. ಮೊದಲು ಪ್ರತಿ ತಂಡಕ್ಕೆ 22 ಪಂದ್ಯ, ಹನ್ನೊಂದು ಎದುರಾಳಿಗಳ ಜೊತೆ ಎರಡೆರಡು. 2025ರಲ್ಲಿ ಅದು 18ಕ್ಕೆ ಇಳಿಯಿತು. ಆಗ ಎಲ್ಲರ ಜೊತೆ ಎರಡೆರಡು ಬಾರಿ ಆಡಲು ಸಾಧ್ಯವೇ ಇಲ್ಲ. ಯಾರಿಗೆ ಬಲಿಷ್ಠರು ಎರಡು ಸಲ ಸಿಕ್ಕರು, ಯಾರಿಗೆ ಒಂದೇ ಸಲ ಎಂಬುದು ಪಟ್ಟಿಯ ಮೇಲೆ ಪರಿಣಾಮ ಬೀರುತ್ತದೆ. ಟೀ ಅಂಗಡಿಯಲ್ಲಿ ಜಗಳವಾಡಲೇಬೇಕೆಂದರೆ ಇದರ ಬಗ್ಗೆ ಆಡಬಹುದು.

ತಪ್ಪು ಕಲ್ಪನೆ: ಬೆಂಗಳೂರು ಬುಲ್ಸ್ ಗೆಲ್ಲಬೇಕಾದರೆ ಕಂಠೀರವ ಕ್ರೀಡಾಂಗಣದಲ್ಲೇ ಆಡಬೇಕು.

ಬೆಂಗಳೂರು ಬುಲ್ಸ್ ಕಪ್ ಗೆದ್ದ ಆರನೇ ಸೀಸನ್‌ನಲ್ಲಿ ತವರಿನ ಪಂದ್ಯಗಳು ನಡೆದದ್ದು ಪುಣೆಯಲ್ಲಿ. 2019ರ ಜನವರಿ 5ರಂದು ಮುಂಬೈನಲ್ಲಿ ಫೈನಲ್‌ನಲ್ಲಿ ಗುಜರಾತ್ ವಿರುದ್ಧ 38–33ರಿಂದ ಗೆದ್ದಾಗ ಅದೇ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. 2021–22ರಲ್ಲಿ ಕೋವಿಡ್ ಕಾರಣಕ್ಕೆ ಇಡೀ ಸೀಸನ್ ವೈಟ್‌ಫೀಲ್ಡ್‌ನ ಹೋಟೆಲೊಂದರಲ್ಲಿ ಪ್ರೇಕ್ಷಕರಿಲ್ಲದೆ ನಡೆಯಿತು, ಕಪ್ ದೆಹಲಿಗೆ ಹೋಯಿತು. ಹಾಗಂತ ನಮ್ಮೂರಿನಲ್ಲಿ ಪಂದ್ಯ ಬೇಡವೆಂದಲ್ಲ. 2023ರ ಡಿಸೆಂಬರ್ ಆದ ಮೇಲೆ, 2024 ಮತ್ತು 2025ರ ಸೀಸನ್‌ಗಳಲ್ಲಿ ಬೆಂಗಳೂರಿಗೆ ಒಂದು ಪಂದ್ಯವೂ ಬರಲಿಲ್ಲ. ಪೀಣ್ಯದಿಂದ ಮೆಟ್ರೊ ಹತ್ತಿ ಹೋಗಿ ನೋಡುತ್ತಿದ್ದವರಿಗೆ ಇದು ದೊಡ್ಡ ನಷ್ಟ.

ತಪ್ಪು ಕಲ್ಪನೆ: ಬುಲ್ಸ್ ಅಂದರೆ ಕರ್ನಾಟಕ ತಂಡ, ಕನ್ನಡಿಗರೇ ಇರಬೇಕು.

ಐರ್ಲೆಂಡಿನ ಹರ್ಲಿಂಗ್ ಆಟದಲ್ಲಿ ಹಾಗಿದೆ. ಅಲ್ಲಿ ಹರಾಜಿಲ್ಲ, ಸಂಬಳವಿಲ್ಲ. ಆಟಗಾರ ತನ್ನ ಊರಿನ ಕ್ಲಬ್‌ಗೂ ತನ್ನ ಕೌಂಟಿಗೂ ಆಡುತ್ತಾನೆ. ಪ್ರೊ ಕಬಡ್ಡಿ ಹರಾಜಿನ ಲೀಗ್, ಬುಲ್ಸ್ ಒಂದು ಫ್ರಾಂಚೈಸಿ. ಕರ್ನಾಟಕದ ತಂಡ ಬೇಕೆಂದರೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ನೋಡಬೇಕು. ನಮ್ಮವರ ಸಾಧನೆಗೆ ಕೊರತೆಯೇನೂ ಇಲ್ಲ. ಸಿ. ಹೊನ್ನಪ್ಪ 2000ದಲ್ಲಿ, ಬಿ.ಸಿ. ರಮೇಶ್ 2001ರಲ್ಲಿ, ತೇಜಸ್ವಿನಿ ಬಾಯಿ 2011ರಲ್ಲಿ, ಕಾರ್ಕಳ ಕಡೆಯ ಮಮತಾ ಪೂಜಾರಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ರಮೇಶ್ ತರಬೇತಿಯಲ್ಲಿ ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ಕಪ್ ಗೆದ್ದವು.

ತಪ್ಪು ಕಲ್ಪನೆ: ಹೆಂಗಸರ ಕಬಡ್ಡಿ ಯಾರು ನೋಡುತ್ತಾರೆ?

2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೇ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಫೈನಲ್‌ನಲ್ಲಿ ಎದುರು ಬದುರಾದ ಎರಡೂ ತಂಡಗಳ ನಾಯಕಿಯರು ಕರ್ನಾಟಕದವರು: ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ, ಫೈರ್ ಬರ್ಡ್ಸ್‌ಗೆ ಮಮತಾ ಪೂಜಾರಿ. ಸ್ಟಾರ್ಮ್ ಕ್ವೀನ್ಸ್ 24–23ರಿಂದ, ಒಂದೇ ಅಂಕದಲ್ಲಿ ಗೆದ್ದಿತು. ಅಂಥ ಆಟ ನೋಡುವವರಿಲ್ಲ ಎನ್ನುವುದು ಸುಳ್ಳು. ಸಾವಿರಾರು ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗುವ ಈ ಭಾಗದಲ್ಲಿ, ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಮಹಿಳಾ ವಿಭಾಗವನ್ನೂ ಸೇರಿಸಲೇಬೇಕು.

ಸಂಘಟಕರಲ್ಲಿ ಒಂದು ವಿನಂತಿ. ಈ ಸಲ ಕರಪತ್ರ ಅಚ್ಚಿಗೆ ಕೊಡುವ ಮೊದಲು, ಗಣ್ಯರ ಫೋಟೊಗಳ ಕೆಳಗೆ ನಾಲ್ಕು ಸಾಲು ಜಾಗ ಬಿಡಿ. ಲಾಬಿಗೆ ಯಾವ ನಿಯಮ, ಥರ್ಡ್ ರೈಡ್ (ಡು ಆರ್ ಡೈ) ಮತ್ತು ಸೂಪರ್ ಟ್ಯಾಕಲ್ ಇದೆಯೋ ಇಲ್ಲವೋ, ಸಮವಾದರೆ ಏನು, ತೂಕದಲ್ಲಿ ವಿನಾಯಿತಿ ಎಷ್ಟು ಎಂಬುದನ್ನು ಅಲ್ಲಿ ಹಾಕಿ. ಮೊದಲ ಪಂದ್ಯಕ್ಕೆ ಮುಂಚೆ ಮೈಕಿನಲ್ಲಿ ಒಮ್ಮೆ ಓದಿಸಿ, ಎಲ್ಲ ತಂಡದ ನಾಯಕರಿಂದ ಸಹಿ ಹಾಕಿಸಿಕೊಳ್ಳಿ.