ಬೀರುವಿನ ಬೀಗದ ಕೈ ಯಾರ ಹತ್ತಿರ?

ಇವತ್ತಿನ ವಿಷಯ ಶಾಲಾ ಗ್ರಂಥಾಲಯ ನೋಡಿಕೊಳ್ಳುವವರಿಗೆ ಕೊಡುವ ತರಬೇತಿ. ಹೆಸರು ಕೇಳಿಯೇ ಸ್ಕಿಪ್ ಮಾಡಬೇಡಿ. ನೀವು ಹತ್ತನೇ ವಯಸ್ಸಲ್ಲಿ ಕತೆಪುಸ್ತಕ ಮುಟ್ಟಿದ್ರಾ ಇಲ್ವಾ ಅನ್ನೋದು ಇದರ ಮೇಲೇ ನಿಂತಿತ್ತು.

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಓದಿದವರಾದರೆ ನೆನಪು ಮಾಡಿಕೊಳ್ಳಿ, ನಿಮ್ಮ ಶಾಲೆಯ ಲೈಬ್ರರಿಯನ್ ಯಾರು? ಯಾರೂ ಇರಲಿಲ್ಲ. ಹೆಡ್‌ಮಾಸ್ಟರ್ ರೂಮಲ್ಲಿ ಒಂದು ಕಬ್ಬಿಣದ ಬೀರು, ಅದರ ಬೀಗದ ಕೈ ಒಬ್ಬ ಮೇಷ್ಟ್ರ ಹತ್ತಿರ. ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಎಂಟ್ರಿ, ಪಾಠ, ಎಲ್ಲಾ ಮುಗಿದ ಮೇಲೆ ಉಳಿದರೆ ಲೈಬ್ರರಿ. ಊರಲ್ಲಿ ಇನ್ನೊಬ್ಬರಿದ್ದಾರೆ, ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು. ಈ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, 2020ರ ನವೆಂಬರ್ 14ಕ್ಕೆ, ‘ಓದುವ ಬೆಳಕು’ ಅಂತ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಿರುತ್ತೆ. ಹಾಗಾಗಿ ನಮ್ಮ ಕಡೆ ತರಬೇತಿ ಅಂದರೆ ಈ ಇಬ್ಬರಿಗೂ ಸೇರಿಯೇ ಆಗಬೇಕು.

ಪುಸ್ತಕಕ್ಕೆ ದುಡ್ಡಿಲ್ಲ ಅನ್ನೋ ಹಾಗೂ ಇಲ್ಲ. ಸಮಗ್ರ ಶಿಕ್ಷಾ ಯೋಜನೆ 2018ರಲ್ಲಿ ಬಂದಾಗಿನಿಂದ ಸರ್ಕಾರಿ ಶಾಲೆಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ, ತರಗತಿಗಳಿಗೆ ತಕ್ಕಂತೆ, ಗ್ರಂಥಾಲಯ ಅನುದಾನಕ್ಕೆ ಅವಕಾಶ ಇದೆ. ದೊಡ್ಡ ಮೊತ್ತವಲ್ಲ, ಆದರೆ ಬೀರು ತುಂಬುತ್ತೆ. ತುಂಬಿದ ಬೀರು ತೆಗೆಯೋದೇ ಕಷ್ಟ.

ತರಬೇತಿ ಅಂದ ಕೂಡಲೇ ದಾಖಲಾತಿ ರಿಜಿಸ್ಟರ್, ಸ್ಟಾಕ್, ನಂಬರ್ ಹಾಕೋದು. ಬೇಕು, ಬೇಡ ಅನ್ನಲ್ಲ. ಆದರೆ ರಿಜಿಸ್ಟರ್ ನೋಡಿ ಯಾವ ಮಗುವೂ ಓದೋಕೆ ಬರಲ್ಲ. ಮಗುವನ್ನ ಕರೆಯೋ ಕೆಲಸ ಬೇರೆ, ಅದನ್ನೂ ಕಲಿಯಬಹುದು.

ಮೊದಲನೆಯದು ಗಟ್ಟಿಯಾಗಿ ಓದಿ ಹೇಳೋದು. ಇದು ಪಾಠದ ಓದಲ್ಲ. ಮುಖಪುಟ ತೋರಿಸಿ ‘ಒಳಗೇನಿರಬಹುದು?’ ಅಂತ ಕೇಳಬೇಕು. ಪುಸ್ತಕ ಮಕ್ಕಳ ಕಡೆ ತಿರುಗಿಸಿ ಹಿಡಿಯಬೇಕು, ಅಂದರೆ ಓದುವವರು ಮನೆಯಲ್ಲೇ ಎರಡು ಸಲ ಓದಿಕೊಂಡಿರಬೇಕು. ನಡುವೆ ಒಂದು ಕಡೆ ನಿಲ್ಲಿಸಬೇಕು. ಮುಗಿದ ಮೇಲೆ ‘ಈ ಕತೆಯ ನೀತಿ ಏನು?’ ಅಂತ ಮಾತ್ರ ಕೇಳಬಾರದು. ಆ ಒಂದು ಪ್ರಶ್ನೆಗೆ ಇಡೀ ತರಗತಿ ಕೈ ಕಟ್ಟಿ ಕೂತುಬಿಡುತ್ತೆ. ‘ನೀನಾಗಿದ್ರೆ ಏನ್ ಮಾಡ್ತಿದ್ದೆ?’ ಅನ್ನಿ, ಹಿಂದಿನ ಬೆಂಚಿನವನೂ ಬಾಯಿ ಬಿಡ್ತಾನೆ.

ಎರಡನೆಯದು ಪುಸ್ತಕದ ಪರಿಚಯ, ಎರಡೇ ನಿಮಿಷದ್ದು. ಸಿನಿಮಾಗೆ ಟ್ರೇಲರ್ ಇದ್ದ ಹಾಗೆ. ಮೂಡಿಗೆರೆಯ ಹೈಸ್ಕೂಲಲ್ಲಿ ಇದಕ್ಕೆ ತೇಜಸ್ವಿಯವರಿಗಿಂತ ಸುಲಭದ ದಾರಿ ಇದೆಯಾ? ‘ಪೂರ್ಣಚಂದ್ರ ತೇಜಸ್ವಿಯವರು ಪ್ರಸಿದ್ಧ ಸಾಹಿತಿ’ ಅಂತ ಶುರು ಮಾಡಿದರೆ ಅಲ್ಲಿಗೆ ಮುಗೀತು. ಬದಲಿಗೆ, ‘ನಿಮ್ಮ ತೋಟದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಹಾರೋ ಓತಿಕ್ಯಾತ ಯಾರಾದ್ರೂ ನೋಡಿದ್ದೀರಾ?’ ಅಂತ ಕೇಳಿ. ಮಲೆನಾಡಿನ ತೋಟಗಳಲ್ಲಿ ಅದು ನಿಜವಾಗಿಯೂ ಇದೆ, ಪಕ್ಕೆಲುಬಿನ ಮೇಲಿನ ಚರ್ಮ ಬಿಚ್ಚಿ ತೇಲುತ್ತೆ. ನಾಲ್ಕು ಜನ ನೋಡಿದೀನಿ ಅಂತಾರೆ, ಒಬ್ಬ ಸುಳ್ಳು ಅಂತಾನೆ. ಆಗ ಹೇಳಿ: ಮಂದಣ್ಣ ಅಂತ ಒಬ್ಬ ಇದ್ದ, ಊರಿನವರ ಲೆಕ್ಕದಲ್ಲಿ ಪೆದ್ದ. ಕರ್ವಾಲೊ ಅನ್ನೋ ವಿಜ್ಞಾನಿ ಮಾತ್ರ ಅವನನ್ನ ನಂಬಿ ಆ ಓತಿಯನ್ನ ಹುಡುಕಿಕೊಂಡು ಕಾಡಿಗೆ ಹೊರಟರು. ಸಿಕ್ತಾ? ಅಲ್ಲಿಗೆ ನಿಲ್ಲಿಸಿ ಪುಸ್ತಕ ಮೇಜಿನ ಮೇಲಿಡಿ. 1980ರ ಪುಸ್ತಕ, ಇನ್ನೂ ಕೆಲಸ ಮಾಡುತ್ತೆ.

ಓದೋಕೆ ತಡವರಿಸುವ ಮಗುವಿಗೆ ಕಾದಂಬರಿ ಕೊಡೋದು ಶಿಕ್ಷೆ. ಬೆಂಗಳೂರಿನ ಹಿಪ್ಪೋಕ್ಯಾಂಪಸ್ ಸಂಸ್ಥೆಯವರು ಪುಸ್ತಕಗಳನ್ನ ಓದುವ ಮಟ್ಟಕ್ಕೆ ತಕ್ಕ ಹಾಗೆ ಬಣ್ಣಗಳಲ್ಲಿ ವಿಂಗಡಿಸಿದ್ದಾರೆ. ತರಗತಿ ಯಾವುದೇ ಇರಲಿ, ತನಗೆ ಎಟುಕುವ ಬಣ್ಣದಿಂದ ಮಗು ಶುರು ಮಾಡಬಹುದು. ಬಣ್ಣದ ಟೇಪ್ ತಂದು ಇದನ್ನ ಯಾವ ಶಾಲೆಯೂ ಮಾಡಬಹುದು.

ಈಗ ನಮ್ಮ ಗುಡ್ಡದ ನಿಜವಾದ ತೊಡಕಿಗೆ ಬರೋಣ. ಕಾಫಿ ಕುಯ್ಲಿನ ಹೊತ್ತಿಗೆ ಎಸ್ಟೇಟ್ ಲೈನುಗಳು ತುಂಬುತ್ತವೆ. ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ, ಈಚೆಗೆ ಅಸ್ಸಾಂನಿಂದಲೂ ಕೂಲಿಗೆ ಬರ್ತಾರೆ. ಅವರ ಮಕ್ಕಳು ವರ್ಷದ ನಡುವೆ ಶಾಲೆಗೆ ಸೇರಿ, ಕುಯ್ಲು ಮುಗಿದ ಮೇಲೆ ಹೊರಟುಹೋಗಬಹುದು. ಕೆಲವರಿಗೆ ಕನ್ನಡ ಅಕ್ಷರವೇ ಹೊಸದು. ಇವರಿಗೆ ಮಾತಿಲ್ಲದ ಚಿತ್ರಪುಸ್ತಕ ಇದೆ, ಯಾವ ಭಾಷೆಯಲ್ಲಿ ಬೇಕಾದರೂ ಕತೆ ಹೇಳಿಕೊಳ್ಳಬಹುದು. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಒಂದೇ ಕತೆ ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತೆ. ನೆಟ್‌ವರ್ಕ್ ಇರೋ ಕಡೆ ಇಳಿಸಿಕೊಂಡು, ಪ್ರಿಂಟ್ ತೆಗೆದು ಕೊಡಬಹುದು. ಇಷ್ಟೆಲ್ಲಾ ಇದ್ದೂ ಪುಸ್ತಕ ಮನೆಗೆ ಕೊಡುವಾಗ ಕೈ ಹಿಂದೆ ಬರೋದು ಈ ಮಕ್ಕಳಿಗೇ. ‘ಅವ್ರಿಗೆ ಕೊಟ್ರೆ ವಾಪಸ್ ಬರಲ್ಲ’ ಅನ್ನೋ ಮಾತು ನಾನು ಒಂದಲ್ಲ, ಹಲವು ಕಡೆ ಕೇಳಿದ್ದೀನಿ. ಮನೆಯಲ್ಲಿ ಒಂದೂ ಪುಸ್ತಕ ಇಲ್ಲದ ಮಗುವಿಗೇ ಪುಸ್ತಕ ಇಲ್ಲ.

ಮೇಷ್ಟ್ರು ಕೆಟ್ಟವರು ಅಂತಲ್ಲ. ಆಡಿಟ್‌ನಲ್ಲಿ ಲೆಕ್ಕ ತಪ್ಪಿದರೆ ಕೈಯಿಂದ ಕಟ್ಟಬೇಕಾಗುತ್ತೆ ಅನ್ನೋ ಭಯ. ಈ ಭಯಕ್ಕೆ ಉತ್ತರ ಕೊಡದ ತರಬೇತಿ ಎಷ್ಟು ದಿನ ನಡೆದರೂ ಬೀಗ ಬೀಗವೇ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಹೇಳೋದೇನು ಗೊತ್ತಾ? ವರ್ಷದಲ್ಲಿ ಓದುಗರ ಕೈಗೆ ಹೋದ ಪ್ರತಿ 1,000 ಪುಸ್ತಕಕ್ಕೆ 5 ಕಳೆದುಹೋಗೋದು ಸಹಜ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೇ. 1,000 ರೂಪಾಯಿ ಮೀರಿದ ಪುಸ್ತಕ ಅಥವಾ ಅಪರೂಪದ ಪುಸ್ತಕವಾದರೆ ಮಾತ್ರ ತನಿಖೆ ಕಡ್ಡಾಯ. ಅದು ಕೇಂದ್ರದ ಕಚೇರಿಗಳಿಗೆ, ನೇರವಾಗಿ ನಮ್ಮ ಹಳ್ಳಿ ಶಾಲೆಗಲ್ಲ. ಆದರೆ ದೆಹಲಿಯ ಹಣಕಾಸು ಸಚಿವಾಲಯವೇ ಒಪ್ಪಿದ ಮಾತನ್ನ ಬ್ಲಾಕ್ ಮಟ್ಟದ ತರಬೇತಿಯಲ್ಲಿ ಯಾಕೆ ಚರ್ಚೆ ಮಾಡಬಾರದು? ಬಿಇಒ, ಹೆಡ್‌ಮಾಸ್ಟರ್ ಇಬ್ಬರನ್ನೂ ಅದೇ ಕೋಣೆಯಲ್ಲಿ ಕೂರಿಸಿ, ‘ಇಷ್ಟು ಹೋದರೆ ಕೇಳಲ್ಲ’ ಅಂತ ಬರೆದುಕೊಡಿಸಿದರೆ, ಅದು ಹತ್ತು ಉಪನ್ಯಾಸಕ್ಕೆ ಸಮ.

ಪುಸ್ತಕ ಇರೋದೇ ಬಳಸೋಕೆ ಅಂತ ಎಸ್. ಆರ್. ರಂಗನಾಥನ್ 1931ರಲ್ಲೇ ವಾದಿಸಿದ್ದರು. ಹಳೇ ಯುರೋಪಿನಲ್ಲಿ ಪುಸ್ತಕಕ್ಕೆ ಸರಪಳಿ ಹಾಕ್ತಿದ್ದದ್ದನ್ನೂ ನೆನಪಿಸಿದ್ದರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದವರು. ಅವರು ಮಲೆನಾಡಿನ ಮಳೆಗಾಲ ಕಂಡಿದ್ದರೆ ಇನ್ನೊಂದು ಕಾರಣ ಸೇರಿಸುತ್ತಿದ್ದರೇನೋ. ಇಲ್ಲಿ ಜೂನ್‌ನಲ್ಲಿ ಮುಚ್ಚಿದ ಬೀರುವನ್ನ ಸೆಪ್ಟೆಂಬರ್‌ನಲ್ಲಿ ತೆಗೆದರೆ ಬೂಷ್ಟಿನ ವಾಸನೆ, ಅಂಟಿಕೊಂಡ ಹಾಳೆ. ಮಗು ಕಳೆಯೋದಕ್ಕಿಂತ ಹೆಚ್ಚು ಪುಸ್ತಕ ಬೀಗದೊಳಗೇ ಹಾಳಾಗುತ್ತೆ ಅನ್ನೋದು ನನ್ನ ಅನಿಸಿಕೆ.

ಹೆಬ್ಬಾಳೆ ಸೇತುವೆ ಮುಳುಗಿ ಮಳೆ ರಜೆ ಘೋಷಣೆ ಆಗೋ ಮುಂಚೆಯೇ, ಆಕಾಶ ನೋಡಿಕೊಂಡು, ಮಗುವಿಗೆರಡು ಪುಸ್ತಕ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಮನೆಗೆ ಕಳಿಸಬಹುದು. ಬೆಂಗಳೂರಿಂದ ರಜೆಗೆ ಊರಿಗೆ ಹೋಗೋರು ನಿಮ್ಮ ಅರಿವು ಕೇಂದ್ರದಲ್ಲಿ ಒಂದು ಗಂಟೆ ಕೇಳಿ ನೋಡಿ, ಮಕ್ಕಳಿಗೆ ಕತೆ ಓದಿ ಹೇಳ್ತೀನಿ ಅಂತ. ಮನೆಯಲ್ಲಿ ಎರಡು ಸಲ ಓದಿಕೊಂಡು ಹೋಗಿ.