ಏನಿದು ಆಪ್-ಆ್ಯಂಪ್? ಹೃದಯದ 1 ಮಿಲಿವೋಲ್ಟ್ ಸಂಕೇತ ಇಸಿಜಿ ಗೆರೆಯಾಗುವುದು ಹೇಗೆ?

ಅಹಮದಾಬಾದ್: ಚಿಪ್ ತಯಾರಿಕೆ ಎಂದರೆ ಈಗ ಗುಜರಾತ್ ಹೆಸರು ಮೊದಲು ಕೇಳಿಬರುತ್ತದೆ. ಅಹಮದಾಬಾದ್ ಜಿಲ್ಲೆಯ ಸಾನಂದ್‌ನಲ್ಲಿ ಮೈಸೂರು ಮೂಲದ ಕೇನ್ಸ್ ಸಮೂಹದ ಘಟಕವೂ ಇದೆ. ದಿನಕ್ಕೆ 60 ಲಕ್ಷ ಚಿಪ್ ಸಾಮರ್ಥ್ಯದ ಈ ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿತ್ತು.

ಸುದ್ದಿಯಾಗುವುದು ಮೊಬೈಲ್, ಎಐ ಚಿಪ್‌ಗಳು. ಆದರೆ ಎಲೆಕ್ಟ್ರಾನಿಕ್ಸ್ ಕಲಿಯುವವರಿಗೆ ಅದಕ್ಕಿಂತ ಮೊದಲೇ ಪರಿಚಯವಾಗುವ ಚಿಪ್ ಒಂದಿದೆ. ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವ ಅಹಮದಾಬಾದ್‌ನ ಚಾಂದ್‌ಖೇಡಾದಲ್ಲಾಗಲಿ, ನಮ್ಮ ವಿಟಿಯು ಕಾಲೇಜುಗಳಲ್ಲಾಗಲಿ ಅನಲಾಗ್ ಪಾಠ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಅದೇ ಆಪರೇಷನಲ್ ಆ್ಯಂಪ್ಲಿಫೈಯರ್, ಚಿಕ್ಕದಾಗಿ ಆಪ್-ಆ್ಯಂಪ್.

ಈ ಹೆಸರು ಬಂದಿದ್ದು ಹೇಗೆ?

1947ರಲ್ಲಿ ಅಮೆರಿಕದ ಜಾನ್ ರಗಝಿನಿ ಮತ್ತು ಸಂಗಡಿಗರ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ಆಗಿನ ಅನಲಾಗ್ ಕಂಪ್ಯೂಟರ್‌ಗಳು ಕೂಡುವ, ಕಳೆಯುವ, ಇಂಟಿಗ್ರೇಷನ್ ಮಾಡುವ ಗಣಿತದ ಆಪರೇಷನ್‌ಗಳನ್ನು ವೋಲ್ಟೇಜ್ ಮೂಲಕವೇ ಮಾಡುತ್ತಿದ್ದವು. ವ್ಯಾಕ್ಯೂಮ್ ಟ್ಯೂಬ್‌ನಲ್ಲಿದ್ದ ಈ ಸರ್ಕ್ಯೂಟ್ 1960ರ ದಶಕದಲ್ಲಿ ಚಿಪ್‌ಗೆ ಇಳಿಯಿತು. 1968ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಡೇವ್ ಫುಲ್ಲಗರ್ ವಿನ್ಯಾಸಗೊಳಿಸಿದ 741 ಇವತ್ತಿಗೂ ಕಾಲೇಜು ಲ್ಯಾಬ್‌ಗಳಲ್ಲಿದೆ. ಸರ್ಕ್ಯೂಟ್ ತಾನಾಗಿಯೇ ಆಂದೋಲನಕ್ಕೆ ಬೀಳದಂತೆ ತಡೆಯುವ ಕೆಪಾಸಿಟರ್ ಅನ್ನು ಚಿಪ್ ಒಳಗೇ ಇಟ್ಟಿದ್ದು ಅದರ ಜನಪ್ರಿಯತೆಗೆ ದೊಡ್ಡ ಕಾರಣ.

ಕೆಲಸ ಮಾಡುವುದು ಹೇಗೆ?

ಆಪ್-ಆ್ಯಂಪ್‌ಗೆ ಎರಡು ಇನ್‌ಪುಟ್, ಒಂದು ಔಟ್‌ಪುಟ್. ಎರಡು ಇನ್‌ಪುಟ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಅದು ಹಿಗ್ಗಿಸುತ್ತದೆ. ಎಷ್ಟು ಪಟ್ಟು? 741ರಲ್ಲಿ ಸಾಮಾನ್ಯವಾಗಿ ಸುಮಾರು 2 ಲಕ್ಷ ಪಟ್ಟು!

ಇಷ್ಟೊಂದು ಗೇನ್ ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. 1 ಮಿಲಿವೋಲ್ಟ್ ಕೊಟ್ಟರೆ ಲೆಕ್ಕದಂತೆ 200 ವೋಲ್ಟ್ ಬರಬೇಕು. ಆದರೆ ಚಿಪ್‌ಗೆ ಸಿಗುವ ಸಪ್ಲೈ 15 ವೋಲ್ಟ್ ಆಸುಪಾಸು. ಔಟ್‌ಪುಟ್ ಆ ಮಿತಿಗೆ ಹೋಗಿ ನಿಂತುಬಿಡುತ್ತದೆ. ಜತೆಗೆ, ಈ ಗೇನ್ ಚಿಪ್‌ನಿಂದ ಚಿಪ್‌ಗೆ, ಬಿಸಿಲು-ಚಳಿಗೆ ಬದಲಾಗುತ್ತಲೇ ಇರುತ್ತದೆ.

ಇದಕ್ಕೆ ಪರಿಹಾರ ನೆಗೆಟಿವ್ ಫೀಡ್‌ಬ್ಯಾಕ್. ಔಟ್‌ಪುಟ್‌ನ ಒಂದು ಪಾಲನ್ನು ಎರಡು ರೆಸಿಸ್ಟರ್ ಮೂಲಕ ಮೈನಸ್ ಇನ್‌ಪುಟ್‌ಗೆ ಹಿಂದಿರುಗಿಸಲಾಗುತ್ತದೆ. 99 ಕಿಲೋಓಮ್ ಮತ್ತು 1 ಕಿಲೋಓಮ್ ರೆಸಿಸ್ಟರ್ ಹಾಕಿ 100 ಪಟ್ಟು ಗೇನ್ ಬೇಕೆಂದುಕೊಳ್ಳೋಣ. ಚಿಪ್‌ನ ಸ್ವಂತ ಗೇನ್ 2 ಲಕ್ಷ ಇದ್ದರೆ ಸಿಗುವುದು 99.95. ಅದು ಅರ್ಧಕ್ಕಿಳಿದು 1 ಲಕ್ಷವಾದರೂ ಸಿಗುವುದು 99.90. ಅಂದರೆ ಚಿಪ್ ಅರ್ಧ ಶಕ್ತಿ ಕಳೆದುಕೊಂಡರೂ ಫಲಿತಾಂಶ ಬಹುತೇಕ ಅಲುಗಾಡುವುದಿಲ್ಲ. ಗೇನ್ ನಿರ್ಧರಿಸುವುದು ಚಿಪ್ ಅಲ್ಲ, ಅಗ್ಗದ ಎರಡು ರೆಸಿಸ್ಟರ್. ಅನಲಾಗ್ ವಿನ್ಯಾಸದಲ್ಲಿ ಆಪ್-ಆ್ಯಂಪ್ ಇಷ್ಟೊಂದು ನೆಚ್ಚಿಕೆಯಾಗಿರುವುದು ಇದರಿಂದಲೇ.

ಇಸಿಜಿಯಲ್ಲಿ ಇದರ ಪಾತ್ರವೇನು?

ಎದೆನೋವು ಎಂದು ಬಂದವರಿಗೆ ಮೊದಲು ಮಾಡುವ ಪರೀಕ್ಷೆಗಳಲ್ಲಿ ಇಸಿಜಿ ಒಂದು. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲೂ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ನೋಡಿಯೇ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡಬೇಕೇ ಎಂದು ತೀರ್ಮಾನಿಸಲಾಗುತ್ತದೆ. ಗೆರೆ ತಪ್ಪಾದರೆ ತೀರ್ಮಾನವೂ ತಪ್ಪಬಹುದು.

ಚರ್ಮದ ಮೇಲೆ ಸಿಗುವ ಹೃದಯದ ಸಂಕೇತ ಕೇವಲ 1 ಮಿಲಿವೋಲ್ಟ್ ಆಸುಪಾಸು. ಅದೇ ದೇಹ ಗೋಡೆಯ ವೈರಿಂಗ್‌ನಿಂದ 50 ಹರ್ಟ್ಜ್ ಕರೆಂಟಿನ ಗದ್ದಲವನ್ನೂ ಹಿಡಿಯುತ್ತದೆ. ಈ ಗದ್ದಲ ಸಂಕೇತಕ್ಕಿಂತ ಹಲವು ಪಟ್ಟು ದೊಡ್ಡದಿರಬಹುದು. ಆದರೆ ಎರಡೂ ಎಲೆಕ್ಟ್ರೋಡ್‌ಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ; ಹೃದಯದ ಸಂಕೇತ ಮಾತ್ರ ಬೇರೆ ಬೇರೆ. ಮೂರು ಆಪ್-ಆ್ಯಂಪ್ ಸೇರಿಸಿ ಮಾಡುವ ಇನ್‌ಸ್ಟ್ರುಮೆಂಟೇಷನ್ ಆ್ಯಂಪ್ಲಿಫೈಯರ್ ಸಮಾನವಾದದ್ದನ್ನು ಕಳೆದು, ವ್ಯತ್ಯಾಸವನ್ನಷ್ಟೇ ಹಿಗ್ಗಿಸುತ್ತದೆ.

ಬಲಗಾಲಿಗೆ ಎಲೆಕ್ಟ್ರೋಡ್ ಹಾಕುವುದು ಏಕೆ ಗೊತ್ತೇ? ಅನೇಕ ಯಂತ್ರಗಳಲ್ಲಿ ಇನ್ನೊಂದು ಆಪ್-ಆ್ಯಂಪ್ ಆ ಗದ್ದಲವನ್ನು ತಿರುಗುಮುರುಗು ಮಾಡಿ, ಸುರಕ್ಷಿತ ಮಿತಿಯಲ್ಲಿ ಬಲಗಾಲಿನ ಮೂಲಕ ದೇಹಕ್ಕೇ ಮರಳಿಸುತ್ತದೆ. ಇಲ್ಲಿಯೂ ಇರುವುದು ಅದೇ ನೆಗೆಟಿವ್ ಫೀಡ್‌ಬ್ಯಾಕ್. ಈಗಿನ ಯಂತ್ರಗಳಲ್ಲಿ ಇವೆಲ್ಲ ಒಂದೇ ಚಿಪ್ ಒಳಗೆ ಸೇರಿಕೊಂಡಿರುವುದೂ ಉಂಟು.

ಬೇರೆಲ್ಲಿ ಬಳಕೆ?

* ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ: ಲೋಡ್ ಸೆಲ್ ಕೊಡುವ ಕೆಲವೇ ಮಿಲಿವೋಲ್ಟ್ ಹಿಗ್ಗಿಸಲು.
* ಕುಲುಮೆ, ಬಾಯ್ಲರ್: ಕೆ-ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ.
* ಆಡಿಯೊ: ಮೈಕ್ ಸಂಕೇತ ಹಿಗ್ಗಿಸಲು, ಬಾಸ್-ಟ್ರೆಬಲ್ ಹೊಂದಿಸಲು, ಫಿಲ್ಟರ್ ಮಾಡಲು.
* ಬಫರ್: ಸೆನ್ಸರ್ ಮೇಲೆ ಹೊರೆ ಬೀಳದಂತೆ ಅದರ ವೋಲ್ಟೇಜನ್ನು ಮುಂದಿನ ಸರ್ಕ್ಯೂಟ್‌ಗೆ ದಾಟಿಸಲು.

ಆಯ್ಕೆ ಮಾಡುವಾಗ ಗಮನಿಸಿ

ಎಲ್ಲ ಕೆಲಸಕ್ಕೂ 741 ಹೊಂದುವುದಿಲ್ಲ. ಇನ್‌ಪುಟ್ ಸೊನ್ನೆ ಇದ್ದಾಗಲೂ ಅದರಲ್ಲಿ 1 ಮಿಲಿವೋಲ್ಟ್ ಅಥವಾ ಹೆಚ್ಚಿನ ಆಫ್‌ಸೆಟ್ ದೋಷ ಇರಬಹುದು. ಅಳೆಯಬೇಕಾದದ್ದೇ 1 ಮಿಲಿವೋಲ್ಟ್ ಆದರೆ ಇದು ಸಣ್ಣ ವಿಷಯವಲ್ಲ. ಅದರ ಗೇನ್ ಮತ್ತು ಫ್ರೀಕ್ವೆನ್ಸಿಯ ಗುಣಲಬ್ಧ ಸುಮಾರು 1 ಮೆಗಾಹರ್ಟ್ಜ್. 100 ಪಟ್ಟು ಗೇನ್ ಬಯಸಿದರೆ ಸುಮಾರು 10 ಕಿಲೋಹರ್ಟ್ಜ್‌ವರೆಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಬ್ಯಾಟರಿ ಉಪಕರಣಗಳಿಗೆ ಪ್ಲಸ್-ಮೈನಸ್ ಎರಡು ಸಪ್ಲೈ ಕೇಳದ, 3 ವೋಲ್ಟ್‌ನಿಂದಲೇ ನಡೆಯುವ ಎಲ್‌ಎಂ 358 ಅನುಕೂಲ. ಚಿಪ್ ಕೊಳ್ಳುವ ಮೊದಲು ಡೇಟಾಶೀಟ್‌ನಲ್ಲಿ ಈ ಅಂಕಿಗಳನ್ನು ನೋಡಿಕೊಳ್ಳಿ.

ವಿದ್ಯಾರ್ಥಿಗಳಿಗೆ ಇನ್ನೊಂದು ಎಚ್ಚರಿಕೆ. ಇಸಿಜಿ ಪ್ರಾಜೆಕ್ಟ್ ಮಾಡುವಾಗ ಮೇನ್ಸ್ ಕರೆಂಟಿಗೆ ಜೋಡಿಸಿದ ಸರ್ಕ್ಯೂಟನ್ನು ಎಂದಿಗೂ ಮೈಗೆ ತಾಗಿಸಬೇಡಿ. ಸಿಮ್ಯುಲೇಟರ್ ಸಂಕೇತದ ಮೇಲೆ ಪರೀಕ್ಷಿಸಿ. ಮೈಗೆ ಜೋಡಿಸಲೇಬೇಕಾದರೆ ಬ್ಯಾಟರಿ ಬಳಸಿ, ಚಾರ್ಜರ್‌ಗೆ ಹಾಕಿದ ಲ್ಯಾಪ್‌ಟಾಪ್‌ನಿಂದ ಸರ್ಕ್ಯೂಟನ್ನು ಬೇರ್ಪಡಿಸಿ, ಮಾರ್ಗದರ್ಶಕರ ಸಮ್ಮುಖದಲ್ಲಿ ಮಾಡಿ.